ಅತ್ತೆ ಹಾಕಿದ ಸಹಿ

ಸೈನಿಕರಿರುವ ಮನೆಯಲ್ಲಿ ಅಟ್ಟದಿಂದ ಟ್ರಂಕು ಇಳಿಸಿದರೆ ಯಾರೋ ಹೊರಟರೆಂದು ಇಡೀ ಬೀದಿಗೆ ಗೊತ್ತಾಗಿಬಿಡುತ್ತದೆ. ಆ ದಿನ ಬೆಳಿಗ್ಗೆ ಕತ್ತರಿ ಅಜ್ಜಿಯ ಮನೆಯಲ್ಲಿ ಟ್ರಂಕು ಇಳಿಯಿತು.

ಕತ್ತರಿ ಅಜ್ಜಿ ಎಂದರೆ ನಮ್ಮ ಬೀದಿಯ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಲವತ್ತು ವರ್ಷದಿಂದ ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ಕೋಟು ಹೊಲಿಯುತ್ತಿದ್ದಾರೆ. ಬಟ್ಟೆಗೂ ಕತ್ತರಿ, ಮಾತಿಗೂ ಕತ್ತರಿ. ಹಾಗಾಗಿ ಆ ಹೆಸರು. ಮಗ ಲಾರಿ ಓಡಿಸುತ್ತಾನೆ. ವಾರದಲ್ಲಿ ಐದು ದಿನ ರಸ್ತೆಯಲ್ಲಿ, ಎರಡು ದಿನ ಮನೆಯಲ್ಲಿ. ಸೊಸೆ ಸೇನೆಯಲ್ಲಿ ಮೆಕ್ಯಾನಿಕ್. ಎಂಥ ಗಾಡಿ ಕೆಟ್ಟು ನಿಂತರೂ ಅದರ ಕೆಳಗೆ ತೂರಿ ಮಲಗಿ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು, ಗಾಡಿ ಎಬ್ಬಿಸಿಯೇ ಹೊರಗೆ ಬರುವ ಹೆಣ್ಣು.

ಇವರ ನಡುವೆ ಆರು ವರ್ಷದ ಮೊಮ್ಮಗಳು ಗುಬ್ಬಿ. ಮಾತು ಹೆಚ್ಚು, ತೂಕ ಕಡಿಮೆ. ನಾಲ್ಕು ವರ್ಷದವಳಿದ್ದಾಗ ಗುಬ್ಬಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಅಂದಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು. ಸೊಸೆಯ ಕಾರ್ಯಾಗಾರ ಹತ್ತಿರದಲ್ಲೇ ಇದ್ದುದರಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಬೈಕಿನಲ್ಲಿ ಓಡಿ ಬಂದು, ಚುಚ್ಚಿ, ಉಣ್ಣಿಸಿ, ವಾಪಸು ಓಡುತ್ತಿದ್ದಳು.

ಈಗ ಆದೇಶ ಬಂದಿತ್ತು. ದೂರದ ಗಡಿ ಪ್ರದೇಶದಲ್ಲಿ ನೆರೆ ಬಂದು ರಸ್ತೆ, ಸೇತುವೆ ಎಲ್ಲ ಕೊಚ್ಚಿಕೊಂಡು ಹೋಗಿದ್ದವು. ಸೊಸೆಯ ದಳ ಅಲ್ಲಿಗೆ ಹೊರಡಬೇಕು. ಎಂಟು ತಿಂಗಳು. ಹೊರಡಲು ಇನ್ನು ಹದಿನೆಂಟು ದಿನ.

ಸೊಸೆ ಟ್ರಂಕು ಒರೆಸಿಟ್ಟು, ಒಂದು ದಪ್ಪ ಹಾಳೆಯ ಕಂತೆ ತಂದು ಹೊಲಿಗೆ ಮೇಜಿನ ಮೇಲಿಟ್ಟಳು.

"ಅತ್ತೆ, ಇದಕ್ಕೆ ನಿಮ್ಮ ಸಹಿ ಬೇಕು."

"ಏನಿದು?"

"ಕುಟುಂಬದ ಯೋಜನೆ ಪತ್ರ."

ಅಜ್ಜಿ ಯಂತ್ರ ನಿಲ್ಲಿಸಿದರು. "ಏನೇ? ಅರವತ್ತೆಂಟು ವರ್ಷಕ್ಕೆ ನಂಗೆಂಥಾ ಕುಟುಂಬ ಯೋಜನೆಯೇ? ನಿಮ್ಮ ಸೇನೆಯವರಿಗೆ ಬೇರೆ ಕೆಲಸ ಇಲ್ವಾ?"

ಸೊಸೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಆ ಯೋಜನೆ ಅಲ್ಲ ಅತ್ತೆ! ನಾನು ದೂರ ಇರೋವಾಗ ಗುಬ್ಬೀನ ಯಾರು ನೋಡ್ಕೋತಾರೆ, ನಿಮಗೆ ಆಗದೆ ಹೋದ್ರೆ ಇನ್ಯಾರು ಬರ್ತಾರೆ, ಔಷಧಿ ಎಷ್ಟು, ಶಾಲೆಯಿಂದ ಯಾರು ಕರ್ಕೊಂಡು ಬರಬಹುದು, ನಂಗೆ ಸುದ್ದಿ ಹೇಗೆ ಮುಟ್ಟಿಸೋದು, ಎಲ್ಲಾ ಬರೆದಿಡೋ ಪತ್ರ."

ಅಜ್ಜಿಯ ನಗು ಅರ್ಧಕ್ಕೇ ನಿಂತಿತು. "ನಂಗೆ ಆಗದೆ ಹೋದ್ರೆ ಅಂದ್ರೆ?"

"ಜ್ವರ ಬರಬಹುದು, ಬೀಳಬಹುದು..."

"ಬಿಡ್ತು ಅನ್ನು! ಮನೆಯಿಂದ ಕಾಲು ಹೊರಗಿಡೋ ಮುಂಚೆನೇ ಕೆಟ್ಟದ್ದನ್ನೆಲ್ಲಾ ಹಾಳೆ ಮೇಲೆ ಇಳಿಸ್ತೀಯಾ? ಇದೇನು, ಎರಡನೇ ಹೆಸರು ಅಂತ ಒಂದು ಜಾಗ ಬಿಟ್ಟಿದಾರೆ. ಮಗೂನ ಪರರಿಗೆ ಬರೆದು ಕೊಡ್ತೀಯಾ? ನಿನ್ನ ಗಂಡನ್ನ ಸಾಕಿದ್ದು ಯಾರು? ಯಾವ ಪತ್ರ ಇತ್ತು ಆಗ?"

"ಅತ್ತೆ, ಈ ಪತ್ರ ಕೊಡದೆ ಇದ್ರೆ ಹೊರಡೋ ಪಟ್ಟಿಯಿಂದ ನನ್ನ ಹೆಸರು ತೆಗೀತಾರೆ. ನೀರೆತ್ತೋ ಗಾಡಿಗಳಿಗೆಲ್ಲಾ ಈ ಸಲ ನಾನೇ ಮುಖ್ಯ ಮೆಕ್ಯಾನಿಕ್. ಹತ್ತು ವರ್ಷ ಆಯ್ತು ಇದಕ್ಕೆ ಕಾದು."

"ಹೋಗು, ಬೇಡ ಅಂದೋರು ಯಾರು? ಆದ್ರೆ ನಾನು ಸಹಿ ಹಾಕಲ್ಲ. ನನ್ನ ಮಾತೇ ಪತ್ರ."

ಅಷ್ಟು ಹೇಳಿ ಅಜ್ಜಿ ಮತ್ತೆ ಯಂತ್ರ ತುಳಿಯತೊಡಗಿದರು. ಆ ಸದ್ದಿನ ಮುಂದೆ ಯಾರ ಮಾತೂ ನಡೆಯುವುದಿಲ್ಲವೆಂದು ಸೊಸೆಗೆ ಗೊತ್ತಿತ್ತು. ಅವಳು ನೇರವಾಗಿ ಎದುರುಗಡೆಯ ಬೇಕರಿಗೆ ಹೋದಳು.

ಬೇಕರಿ ಅಕ್ಕನ ಗಂಡ ಮೊದಲು ಸೇನೆಯಲ್ಲಿದ್ದವರು. ಈಗ ನಿವೃತ್ತರಾಗಿ ಬ್ರೆಡ್ಡಿನ ಹಿಟ್ಟು ನಾದುತ್ತಾರೆ. ಅಕ್ಕ ಬೆಳಿಗ್ಗೆ ಬೇಕರಿ ನೋಡಿಕೊಂಡು, ವಾರದಲ್ಲಿ ಮೂರು ಮಧ್ಯಾಹ್ನ ಹತ್ತಿರದ ಸೇನಾ ಶಿಬಿರದ ಸೈನಿಕ ಕುಟುಂಬ ನೆರವು ಕೇಂದ್ರದಲ್ಲಿ ಸ್ವಯಂಸೇವೆ ಮಾಡುತ್ತಾರೆ. ಸೊಸೆಯ ಮಾತು ಕೇಳಿ ಕೈಗಂಟಿದ ಹಿಟ್ಟನ್ನು ತೊಳೆದುಕೊಂಡರು. ಬಿಸಿ ಬನ್ನು ನಾಲ್ಕು ಕಟ್ಟಿಕೊಂಡು ರಸ್ತೆ ದಾಟಿ ಬಂದರು.

"ಅಮ್ಮ, ಸೊಸೆ ಮೇಲೆ ಸಿಟ್ಟಂತೆ?"

"ಓಹೋ, ದೂರು ಕೊಟ್ಟು ಬಂದ್ಲಾ? ಬನ್ನು ಅಲ್ಲಿಡು. ಬನ್ನು ತಿಂದು ಸಹಿ ಹಾಕೋ ಪೈಕಿ ಅಲ್ಲ ನಾನು."

"ಸಹಿ ಕೇಳೋಕೆ ಬಂದಿಲ್ಲ. ನಮ್ಮ ಮಾವನ ವಿಷಯ ಹೇಳೋಕೆ ಬಂದೆ."

ಅಜ್ಜಿ ತಲೆಯೆತ್ತಿದರು. ಅಕ್ಕ ತನ್ನ ಮಾವನ ವಿಷಯ ಯಾರ ಹತ್ತಿರವೂ ಆಡಿದವರಲ್ಲ.

"ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನಮ್ಮವರು ಗಡಿಯಲ್ಲಿದ್ರು. ಮಾವನಿಗೆ ಇದ್ದಕ್ಕಿದ್ದಂತೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆ. ಮಗನ್ನ ಕರೆಸು, ಮಗನ್ನ ಕರೆಸು ಅಂತ ಒಂದೇ ಸಮ ಹೇಳೋರು. ಎಲ್ಲಿಗೆ ಫೋನ್ ಮಾಡ್ಲಿ ಅಮ್ಮ? ನಂಗೆ ಗಂಡನ ಹೆಸರು ಗೊತ್ತು, ಸೇನೆಯಲ್ಲಿದ್ದಾರೆ ಅಂತ ಗೊತ್ತು. ಸೇವಾ ಸಂಖ್ಯೆ ಗೊತ್ತಿಲ್ಲ, ದಳದ ಹೆಸರು ಗೊತ್ತಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಎಲ್ಲರೂ ಒಳ್ಳೆಯವರೇ, ಆದ್ರೆ ಅದೇ ಹೆಸರಿನೋರು ಸೇನೆಯಲ್ಲಿ ನೂರಾರು ಜನ ಇದ್ದಾರಲ್ಲ! ಸುದ್ದಿ ಮುಟ್ಟೋಕೆ ಒಂಬತ್ತು ದಿನ ಹಿಡೀತು. ಮಾವ ಏಳನೇ ದಿನಕ್ಕೆ ಹೋಗಿಬಿಟ್ರು. ಬಾಗಿಲು ಶಬ್ದ ಆದಾಗೆಲ್ಲಾ ಬಂದ್ನಾ ಅಂತ ಕೇಳೋರು."

ಅಜ್ಜಿ ಕೊರಳಿನ ಅಳತೆ ಪಟ್ಟಿಯನ್ನು ತೆಗೆದು ಸುತ್ತತೊಡಗಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಮನೆಯಲ್ಲಿ ಒಂದು ಹಾಳೆ ಇದ್ದಿದ್ರೆ ಎರಡು ದಿನದ ಕೆಲಸ ಅಮ್ಮ," ಎಂದರು ಅಕ್ಕ. "ಬರೆದಿಟ್ಟ ಮಾತ್ರಕ್ಕೆ ಕೆಟ್ಟದ್ದು ಬರಲ್ಲ. ಬಂದ್ರೆ ದಾರಿ ಗೊತ್ತಿರುತ್ತೆ, ಅಷ್ಟೇ."

"ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ ಮಗಳೇ. ಆದ್ರೆ ನನ್ನ ಕೈಕಾಲು ಗಟ್ಟಿ ಇದೆ. ಎರಡನೇ ಹೆಸರು ಯಾಕೆ?"

"ಸರಿ. ಒಂದು ಕೆಲಸ ಮಾಡೋಣ. ಸೇನೆಯಲ್ಲಿ ಹೊರಡೋ ಮುಂಚೆ ತಾಲೀಮು ಮಾಡ್ತಾರಲ್ಲ, ಹಾಗೆ ನಾವೂ ಒಂದು ತಾಲೀಮು ಮಾಡೋಣ. ನಾಳೆ ಮಧ್ಯಾಹ್ನ ಸೊಸೆ ಊರಲ್ಲೇ ಇಲ್ಲ ಅಂತ ಲೆಕ್ಕ. ಗುಬ್ಬಿ ಊಟಕ್ಕೆ ಬರ್ತಾಳೆ. ನೀವೇ ಎಲ್ಲಾ ಮಾಡಬೇಕು. ಸೂಜಿಯಲ್ಲಿ ಔಷಧಿ ಬದಲು ಬರೀ ನೀರು. ಎಲ್ಲಾ ಸರಿಯಾದ್ರೆ ನಾನೇ ಆ ಹಾಳೆ ಹರಿದು ಹಾಕ್ತೀನಿ."

"ಹರಿಯೋಕೆ ರೆಡಿ ಆಗು," ಎಂದರು ಅಜ್ಜಿ.

ಮರುದಿನ ಒಂದು ಗಂಟೆ. ಗುಬ್ಬಿ ಊಟದ ಮೇಜಿನ ಮುಂದೆ ಕಾಲಾಡಿಸುತ್ತ ಕೂತಿದ್ದಳು. ಸೊಸೆ ಬಾಗಿಲ ಬಳಿ ನಿಂತು, ಬಾಯಿಗೆ ಬೀಗ ಹಾಕಿಕೊಂಡಂತೆ ತುಟಿ ಬಿಗಿದಿದ್ದಳು. ಅಕ್ಕ ಹೇಳಿದರು: "ಅಮ್ಮ, ಆರು ಯೂನಿಟ್ ತೆಗೀರಿ."

ಅಜ್ಜಿ ಸಲೀಸಾಗಿ ಸಿರಿಂಜು ಹಿಡಿದರು. ಎರಡು ವರ್ಷದ ಹಿಂದೆ ಕೆಲವು ಸಲ ಅವರೇ ಚುಚ್ಚಿದ್ದುಂಟು. ಸೂಜಿಯನ್ನು ಸೀಸೆಗೆ ಚುಚ್ಚಿ, ನೀರೆಳೆದು, ಬೆಳಕಿಗೆ ಹಿಡಿದು ನೋಡಿ, ಅಕ್ಕನ ಕೈಗೆ ಕೊಟ್ಟರು. "ತಗೋ, ಆರು."

ಅಕ್ಕ ಸಿರಿಂಜನ್ನು ಕಿಟಕಿಯ ಬಳಿ ಒಯ್ದು ನೋಡಿದರು. ಅವರ ಮುಖ ಬಿಳಿಚಿತು. ಅದನ್ನು ಸೊಸೆಯ ಕೈಗೆ ಕೊಟ್ಟರು.

ಸೊಸೆ ನೋಡಿದಳು. ಹದಿನಾರು.

ನೀರಾಗಿದ್ದಕ್ಕೆ ಸರಿಹೋಯಿತು. ಅದು ಇನ್ಸುಲಿನ್ ಆಗಿದ್ದರೆ ಆ ಪುಟ್ಟ ಮೈಯಲ್ಲಿ ಸಕ್ಕರೆ ಇಳಿದು, ಬೆವರು ಕಿತ್ತು, ನಡುಗಿ, ಪ್ರಜ್ಞೆ ತಪ್ಪಿ, ಪ್ರಾಣಕ್ಕೇ ಕುತ್ತು ಬರುತ್ತಿತ್ತು.

"ಎಷ್ಟಿದೆ?" ಎಂದರು ಅಜ್ಜಿ. "ಎಷ್ಟಿದೆ ಅಂದೆ?"

"ಹದಿನಾರು, ಅತ್ತೆ."

ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. ಬೀದಿಯಲ್ಲಿ ಯಾರ ಮುಂದೆಯೂ ತಗ್ಗದ ದನಿ ಸಣ್ಣಗಾಗಿತ್ತು. "ಕಣ್ಣಿಗೆ ಮಂಜು ಕಟ್ಟಿದೆ ಕಣೇ. ಒಂದು ವರ್ಷ ಆಯ್ತು. ಗೀಟೆಲ್ಲಾ ಒಂದಕ್ಕೊಂದು ಕಲಸಿಕೊಂಡು ಹೋಗುತ್ತೆ."

"ಒಂದು ವರ್ಷ!" ಎಂದಳು ಸೊಸೆ. "ಮತ್ತೆ ಹೊಲಿಗೆ? ಸೂಜಿಗೆ ದಾರ ಪೋಣಿಸ್ತಿದ್ದವರು ಯಾರು?"

"ನಾನು!" ಎಂದಳು ಗುಬ್ಬಿ ಹೆಮ್ಮೆಯಿಂದ. "ಒಂದು ದಾರಕ್ಕೆ ಒಂದು ಗುಂಡಿ. ಯಾರಿಗೂ ಹೇಳಬಾರದು ಅಂದಿದ್ರು ಅಜ್ಜಿ. ನನ್ನ ಹತ್ರ ಒಂದು ಬಾಟ್ಲಿ ತುಂಬಾ ಗುಂಡಿ ಇದೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕರು, ನಗುವಾಗಲೇ ಕಣ್ಣು ತುಂಬಿಕೊಂಡಿತು. "ಹೇಳಿದ್ರೆ ಮೂಲೆಯಲ್ಲಿ ಕೂರಿಸ್ತೀರಿ ಅಂತ ಹೆದರಿದ್ದೆ. ಕೈಯಲ್ಲಿ ಕೆಲಸ ಇಲ್ದೆ ಇದ್ರೆ ನಾನ್ಯಾರೇ?"

ಸೊಸೆ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. "ನಾನು ಹೋಗಲ್ಲ. ಸಂಜೆನೇ ಹೆಸರು ತೆಗೆಸ್ತೀನಿ."

"ಹೋಗ್ತೀಯ!" ಕತ್ತರಿ ಮತ್ತೆ ಹರಿತವಾಯಿತು. "ನಾನು ಸುಳ್ಳು ಹೇಳಿದ್ದಕ್ಕೆ ನೀನು ಮನೇಲಿ ಕೂರೋದಾ? ಬೇಕರಿಯವಳೇ, ಎರಡನೇ ಹೆಸರು ಅಂದ್ಯಲ್ಲ, ಆ ಜಾಗದಲ್ಲಿ ನಿನ್ನ ಹೆಸರು ಬರೀಬಹುದಾ?"

"ಬರೀರಿ ಅಮ್ಮ. ಅದಕ್ಕೇ ಅಲ್ವಾ ಬಂದಿದ್ದು."

"ಹರಿಯೋದು?"

"ಇವತ್ತು ಬೇಡ ಬಿಡಿ."

ಮುಂದಿನ ದಿನಗಳು ಓಡಿದವು. ಅಕ್ಕ ಶಿಬಿರದ ಆಸ್ಪತ್ರೆಯಲ್ಲಿ ಅಜ್ಜಿಯ ಕಣ್ಣು ತೋರಿಸಿದರು. ಎರಡು ಕಣ್ಣಲ್ಲೂ ಪೊರೆ. ಸೈನಿಕರ ಮನೆಯವರೆಂದು ಬೇಗನೆ ದಿನ ಕೊಟ್ಟು, ಒಂದು ಕಣ್ಣಿಗೆ ಸೊಸೆ ಹೊರಡುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿದರು. ಗುಬ್ಬಿಯ ವೈದ್ಯರು ಸಿರಿಂಜಿನ ಬದಲು ಇನ್ಸುಲಿನ್ ಪೆನ್ನು ಕೊಟ್ಟರು. ತಿರುಗಿಸಿದರೆ ಯೂನಿಟ್ಟಿಗೊಂದು ಟಿಕ್ ಎನ್ನುತ್ತದೆ, ಸಂಖ್ಯೆಯೂ ದೊಡ್ಡದಾಗಿ ಕಾಣುತ್ತದೆ. "ಕಣ್ಣಿನ ಜೊತೆಗೆ ಕಿವಿಗೂ ಕೆಲಸ," ಎಂದು ಅಜ್ಜಿ ದಿನಕ್ಕೆ ಹತ್ತು ಸಲ ತಾಲೀಮು ಮಾಡಿದರು. ಬೇಕರಿ ಅಕ್ಕನೂ ಕಲಿತರು. ವಾರದ ಎರಡು ದಿನಕ್ಕೆ ಮನೆಗೆ ಬಂದ ಮಗನೂ ಕಲಿತ.

ಆಮೇಲೆ ನಾಲ್ವರೂ ಮೇಜಿನ ಸುತ್ತ ಕೂತು ಪತ್ರ ತುಂಬಿದರು. ಸೊಸೆಯ ಸೇವಾ ಸಂಖ್ಯೆ, ದಳದ ಹೆಸರು, ಹಗಲು ರಾತ್ರಿ ಎತ್ತುವ ನೆರವು ಕೇಂದ್ರದ ಫೋನು. ಗುಬ್ಬಿಯ ಔಷಧಿ, ಪ್ರಮಾಣ, ವೈದ್ಯರು. ಸಕ್ಕರೆ ಇಳಿದರೆ ಏನು ಕೊಡಬೇಕು, ಏರಿದರೆ ಯಾರನ್ನು ಕೇಳಬೇಕು. ಗುಬ್ಬಿಯನ್ನು ಶಾಲೆಯಿಂದ ಕರೆದೊಯ್ಯಲು, ಆಸ್ಪತ್ರೆಗೆ ಸೇರಿಸಲು ಅಜ್ಜಿಗೂ ಅಕ್ಕನಿಗೂ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಅಧಿಕಾರ ಪತ್ರ. ಸೊಸೆಯ ಸೇವಾ ದಾಖಲೆಯಲ್ಲಿ ನಾಮಿನಿ ಜಾಗಕ್ಕೆ ಮದುವೆಗೆ ಮುಂಚೆ ಬರೆಸಿದ್ದ ಅವಳ ಅಪ್ಪನ ಹೆಸರೇ ಇನ್ನೂ ಇತ್ತು. ಅವರು ತೀರಿಕೊಂಡು ಐದು ವರ್ಷವಾಗಿತ್ತು. ಅದನ್ನೂ ತಿದ್ದಿಸಿದರು.

ಕೊನೆಯ ಪುಟದಲ್ಲಿ "ಮಗುವಿನ ಬಗ್ಗೆ ತಿಳಿದಿರಬೇಕಾದ ಇತರ ವಿಷಯ" ಎಂದಿತ್ತು.

"ನಾನು ಹೇಳ್ತೀನಿ," ಎಂದಳು ಗುಬ್ಬಿ. "ಚುಚ್ಚೋವಾಗ ಹತ್ತು ಎಣಿಸಬೇಕು. ಒಂಬತ್ತಕ್ಕೆ ಚುಚ್ಚಬಾರದು. ಅಪ್ಪ ಒಂಬತ್ತಕ್ಕೇ ಚುಚ್ತಾರೆ, ಮೋಸ."

ಅದನ್ನೂ ಬರೆದರು. ಅಜ್ಜಿ ಹೊಸ ಕಣ್ಣಿನಿಂದ ಗೆರೆ ನೋಡಿ, ಸರಿಯಾಗಿ ಗೆರೆಯ ಮೇಲೆ, ಹೊಲಿಗೆ ಹಾಕಿದಷ್ಟು ಅಚ್ಚುಕಟ್ಟಾಗಿ ಸಹಿ ಮಾಡಿದರು. ಒಂದು ಪ್ರತಿ ದಳಕ್ಕೆ, ಒಂದು ಕೇಂದ್ರಕ್ಕೆ, ಒಂದು ಶಾಲೆಗೆ, ಒಂದು ಬೇಕರಿಗೆ. ಮನೆಯ ಪ್ರತಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ.

ಸೊಸೆ ಹೊರಟಳು. ಗುಬ್ಬಿ ಅತ್ತಳು, ಅಜ್ಜಿ ಅಳಲಿಲ್ಲ. ಗಾಡಿ ತಿರುವು ದಾಟಿದ ಮೇಲೆ ಒಳಗೆ ಹೋಗಿ ಒಂದು ಪರದೆಗೆ ಅಂಚು ಹೊಲಿದರು. ಆ ಅಂಚು ಸೊಟ್ಟಗೆ ಬಂದಿತ್ತೆಂದು ಆಮೇಲೆ ಅವರೇ ಹೇಳಿದರು.

ಏಳು ವಾರ ಎಲ್ಲ ಸಲೀಸಾಗಿ ನಡೆಯಿತು. ಎಂಟನೇ ವಾರದ ಮಂಗಳವಾರ, ಹನ್ನೊಂದೂವರೆ ಗಂಟೆ. ಮೇಲಿನ ಕಪಾಟಿನಿಂದ ಬಟ್ಟೆಯ ಸುರುಳಿ ತೆಗೆಯಲು ಅಜ್ಜಿ ಸ್ಟೂಲು ಹತ್ತಿದರು. ಸ್ಟೂಲು ಜಾರಿತು. ಬಿದ್ದ ರಭಸಕ್ಕೆ ಸೊಂಟದ ಹತ್ತಿರ ಏನೋ ಲಟಕ್ಕೆಂದಿತು. ಏಳಲು ನೋಡಿದರೆ ಎಡಗಾಲು ಮಾತೇ ಕೇಳಲಿಲ್ಲ.

ಕಣ್ಣು ಕತ್ತಲೆ ಬರುವಷ್ಟು ನೋವು. ಅದರ ನಡುವೆ ಅಜ್ಜಿ ಮೊದಲು ನೋಡಿದ್ದು ಗೋಡೆ ಗಡಿಯಾರವನ್ನು. ಒಂದು ಗಂಟೆಗೆ ಗುಬ್ಬಿಗೆ ಇನ್ಸುಲಿನ್. ಮಗ ಆರು ನೂರು ಕಿಲೋಮೀಟರ್ ಆಚೆ, ಗುಡ್ಡ ಕುಸಿದು ರಸ್ತೆ ಮುಚ್ಚಿ ಲಾರಿಯಲ್ಲೇ ಕೂತಿದ್ದಾನೆ. ಅಜ್ಜಿ ಜೇಬಿನಿಂದ ಮೊಬೈಲು ತೆಗೆದು ಎರಡನೇ ಹೆಸರಿಗೆ ಫೋನ್ ಮಾಡಿದರು.

"ಬೇಕರಿಯವಳೇ, ಬಿದ್ದಿದೀನಿ. ಕಾಲು ಹೋಗಿದೆ. ತಾಲೀಮು ಅಲ್ಲ ಇದು."

ಒಲೆಯಲ್ಲಿ ಬ್ರೆಡ್ಡಿತ್ತು. ಅಕ್ಕ ಅದನ್ನು ಗಂಡನಿಗೆ ಬಿಟ್ಟು, ಸೊಂಟಕ್ಕೆ ಕಟ್ಟಿದ್ದ ಹಿಟ್ಟಿನ ಏಪ್ರನ್ನನ್ನೂ ಬಿಚ್ಚದೆ ಓಡಿ ಬಂದರು. ಆಂಬುಲೆನ್ಸಿಗೆ ಹೇಳಿ, ಡ್ರಾಯರಿನಿಂದ ಪತ್ರ ತೆಗೆದು, ಕೇಂದ್ರಕ್ಕೆ ಫೋನ್ ಮಾಡಿದರು. ಸೇವಾ ಸಂಖ್ಯೆ ಓದಿದರು, ದಳದ ಹೆಸರು ಓದಿದರು, ಏನಾಯಿತು, ಯಾವ ಆಸ್ಪತ್ರೆ ಎಂದು ಹೇಳಿದರು. ಎಲ್ಲ ಸೇರಿ ಮೂರು ನಿಮಿಷ.

"ಪತ್ರ ನಮ್ಮ ಹತ್ತಿರ ಇದೆ," ಎಂದಿತು ಆ ಕಡೆಯ ದನಿ. "ಆಸ್ಪತ್ರೆಗೆ ನಮ್ಮವರು ಒಬ್ಬರು ಈಗಲೇ ಹೊರಡ್ತಾರೆ, ಅಮ್ಮನ ಜೊತೆ ಇರ್ತಾರೆ. ದಳಕ್ಕೆ ಸುದ್ದಿ ನಾವು ಮುಟ್ಟಿಸ್ತೀವಿ. ನೀವು ಮಗೂನ ನೋಡಿ."

ಸ್ಟ್ರೆಚರಿನ ಮೇಲೆ ಮಲಗಿ ಅಜ್ಜಿ ಗದರಿದರು. "ನನ್ನ ಮುಖ ಏನು ನೋಡ್ತೀಯೇ? ಗಂಟೆ ನೋಡು, ಹೋಗು!"

ಶಾಲೆ ತಲುಪಿದಾಗ ಹನ್ನೆರಡು ನಲವತ್ತು. ಕಚೇರಿಯ ಗುಮಾಸ್ತ ಹೊಸಬ. ಹಿಟ್ಟು ಮೆತ್ತಿದ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಮಗುವಿಗೆ ಏನಾಗಬೇಕು?"

"ಎದುರುಮನೆಯವಳು."

"ಎದುರುಮನೆಯವರ ಕೈಗೆಲ್ಲಾ ಮಗೂನ ಕೊಡೋಕಾಗಲ್ಲಮ್ಮ. ತಾಯಿ ಬರಲಿ, ಇಲ್ಲ ತಂದೆ ಬರಲಿ."

"ತಾಯಿ ಗಡಿಯಲ್ಲಿದ್ದಾಳೆ, ತಂದೆ ದಾರಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ, ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ. ನೀವು ಹೇಳಿದ್ದು ಸರಿನೇ ಸಾರ್. ಕೇಳಿದವರಿಗೆಲ್ಲಾ ಮಗೂನ ಕೊಡಬಾರದು. ಅದಕ್ಕೇ ಇದನ್ನು ತಂದಿದ್ದೀನಿ."

ಗುಮಾಸ್ತ ಅಧಿಕಾರ ಪತ್ರ ಓದಿದ. ಎದ್ದು ಹೋಗಿ ಗುಬ್ಬಿಯ ಕಡತ ತಂದ. ಅದರಲ್ಲೂ ಅದೇ ಪತ್ರ, ಅದೇ ಸಹಿ, ಅಕ್ಕನ ಭಾವಚಿತ್ರ. ಅವನ ಮುಖ ಸಡಿಲವಾಯಿತು. "ತಪ್ಪು ತಿಳ್ಕೋಬೇಡಿ. ಇಷ್ಟು ಕರಾರುವಾಕ್ಕಾಗಿ ಯಾರೂ ಬರೆದುಕೊಡಲ್ಲ," ಎನ್ನುತ್ತ ತಾನೇ ತರಗತಿಗೆ ಓಡಿದ.

ಒಂದು ಗಂಟೆಗೆ ಐದು ನಿಮಿಷವಿರುವಾಗ ಗುಬ್ಬಿ ಬೇಕರಿಯ ಒಳಕೋಣೆಯ ಬೆಂಚಿನ ಮೇಲಿದ್ದಳು. ಅಕ್ಕ ಬೆರಳು ಚುಚ್ಚಿ ಸಕ್ಕರೆ ನೋಡಿದರು, ಪತ್ರದ ಪಟ್ಟಿ ನೋಡಿದರು, ಪೆನ್ನು ತಿರುಗಿಸಿದರು. ಟಿಕ್, ಟಿಕ್, ಟಿಕ್. ಆರು.

"ಅಜ್ಜಿ ಎಲ್ಲಿ?"

ಅಕ್ಕ ಸುಳ್ಳು ಹೇಳಲಿಲ್ಲ. "ಅಜ್ಜಿ ಬಿದ್ದು ಕಾಲು ಮುರ್ಕೊಂಡಿದ್ದಾರೆ ಪುಟ್ಟಿ. ಡಾಕ್ಟರು ಜೋಡಿಸ್ತಾರೆ. ನಿನ್ನ ಕೆಲಸ ಮೊದಲು ಮುಗಿಸು ಅಂತ ನನ್ನನ್ನ ಅವರೇ ಓಡಿಸಿದ್ರು. ಈಗ ಎಣಿಸು."

ಗುಬ್ಬಿಯ ತುಟಿ ನಡುಗಿತು. ಆದರೂ ಎಣಿಸಿದಳು. ಅಕ್ಕ ಹತ್ತಕ್ಕೇ ಚುಚ್ಚಿದರು.

ಆಸ್ಪತ್ರೆಯಲ್ಲಿ ತೊಡೆಮೂಳೆ ಮುರಿದಿದೆ, ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಎಂದರು. ಕೇಂದ್ರದಿಂದ ಬಂದಾಕೆ ಅಜ್ಜಿಯ ಪಕ್ಕದಿಂದ ಕದಲಲಿಲ್ಲ. ಔಷಧಿ ತರುವುದು, ವೈದ್ಯರನ್ನು ವಿಚಾರಿಸುವುದು, ಎಲ್ಲ ಅವರದೇ. ಅಕ್ಕ ಗುಬ್ಬಿಯನ್ನು ಕರೆದುಕೊಂಡು ಅಲ್ಲಿಗೆ ಬಂದಾಗ ಮೂರು ಗಂಟೆ. ಹದಿನೈದು ನಿಮಿಷವೂ ಕಳೆದಿರಲಿಲ್ಲ, ಕೇಂದ್ರದಾಕೆಯ ಫೋನು ಮೊಳಗಿತು.

"ಅಮ್ಮ, ನಿಮ್ಮ ಸೊಸೆ!"

ಅಕ್ಕ ಗಡಿಯಾರ ನೋಡಿದರು. ಕೇಂದ್ರಕ್ಕೆ ಫೋನ್ ಮಾಡಿ ಮೂರೂವರೆ ಗಂಟೆಯೂ ಕಳೆದಿರಲಿಲ್ಲ, ಸುದ್ದಿ ಗಡಿ ಮುಟ್ಟಿ ವಾಪಸು ದನಿಯಾಗಿ ಬಂದಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ನಿಂತರು. ಅವರು ಯಾರನ್ನು ನೆನೆಯುತ್ತಿದ್ದಾರೆಂದು ಅಜ್ಜಿಗೆ ಗೊತ್ತಾಯಿತು.

"ಅತ್ತೆ! ಹೇಗಿದ್ದೀರಿ? ಗುಬ್ಬಿ?"

"ನನ್ನ ಕಾಲು ಮುರಿದಿದೆ, ಬಾಯಿ ಮುರಿದಿಲ್ಲ. ಮೊದಲು ಮಗಳ ಹತ್ರ ಮಾತಾಡು."

ಗುಬ್ಬಿ ಫೋನು ಎರಡೂ ಕೈಯಲ್ಲಿ ಹಿಡಿದು ವರದಿ ಒಪ್ಪಿಸಿದಳು. "ಅಮ್ಮಾ, ಆರು ಯೂನಿಟ್. ಊಟ ಪೂರ್ತಿ ತಿಂದೆ. ಅಕ್ಕ ಹತ್ತಕ್ಕೇ ಚುಚ್ಚಿದ್ರು, ಅಪ್ಪನ ಥರ ಮೋಸ ಮಾಡಲಿಲ್ಲ."

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಕೇಳಿತು. "ಅತ್ತೆ, ನಮ್ಮ ಅಧಿಕಾರಿ ರಜೆ ಕೊಡ್ತೀನಿ ಅಂದಿದ್ದಾರೆ. ನಾಳೆ ಬೆಳಿಗ್ಗೆ ಒಂದು ಗಾಡಿ ಇದೆ. ಬರ್ಲಾ?"

"ಅಲ್ಲಿ ಎಷ್ಟು ಗಾಡಿ ಕೆಟ್ಟು ನಿಂತಿವೆ?"

"ಐದು. ಆಸ್ಪತ್ರೆ ಬೀದಿಯ ನೀರು ಇನ್ನೂ ಎತ್ತಿಲ್ಲ."

ಅಜ್ಜಿ ಒಂದು ಗಳಿಗೆ ಕಣ್ಣು ಮುಚ್ಚಿದರು. "ನೋಡು ಮಗಳೇ, ನೀನು ಬಂದ್ರೆ ನಂಗೆ ಸಂತೋಷ. ಬರಬೇಡ ಅಂತ ಹೇಳೋಕೆ ಬಾಯಿ ಬರಲ್ಲ. ಆದ್ರೆ ನಿನ್ನ ಗಂಡ ಫೋನ್ ಮಾಡಿದ್ದ, ರಸ್ತೆ ತೆರೀತಂತೆ, ನಾಳೆ ಸಂಜೆಗೆ ಇಲ್ಲಿರ್ತಾನೆ, ಹದಿನೈದು ದಿನ ರಜೆ ಹಾಕಿದ್ದಾನೆ. ಬೇಕರಿಯವಳು ಇದ್ದಾಳೆ. ಕೇಂದ್ರದಿಂದ ಬಂದಾಕೆಯನ್ನು ಹೋಗು ಅಂದ್ರೂ ಹೋಗ್ತಿಲ್ಲ. ನಮ್ಮ ಕಡೆ ಒಂದು ಗಾಡಿನೂ ನಿಂತಿಲ್ಲ. ಇನ್ನು ನೀನು ಯೋಚನೆ ಮಾಡು."

ಸೊಸೆ ಯೋಚಿಸಿದಳು. ವೈದ್ಯರೊಡನೆ ಮಾತಾಡಿದಳು. ಗಂಡನೊಡನೆ ಮಾತಾಡಿದಳು. ಆಮೇಲೆ ಅಧಿಕಾರಿಗೆ ಹೇಳಿದಳು: "ಸಾರ್, ರಜೆ ಇರಲಿ. ಶಸ್ತ್ರಚಿಕಿತ್ಸೆ ಸರಿಯಾಗಿ ಆದ್ರೆ ಕೆಲಸ ಮುಗಿಸಿಯೇ ಹೋಗ್ತೀನಿ." ಮರುದಿನ ಹನ್ನೊಂದು ಗಂಟೆಗೆ ಅಜ್ಜಿ ಕಣ್ಣು ಬಿಟ್ಟು ನರ್ಸನ್ನು ನೋಡಿ, "ನಿನ್ನ ಕೋಟಿನ ತೋಳು ಉದ್ದ ಆಯ್ತು, ತಂದುಕೊಡು, ಸರಿ ಮಾಡ್ತೀನಿ," ಎಂದರಂತೆ. ಆ ಮಾತು ಗಡಿಗೂ ತಲುಪಿತು. ಸೊಸೆ ನಕ್ಕು, ಸ್ಪ್ಯಾನರ್ ಎತ್ತಿಕೊಂಡು ಗಾಡಿಯ ಕೆಳಗೆ ತೂರಿದಳು. ಆ ವಾರದಲ್ಲೇ ಐದೂ ಗಾಡಿಗಳು ಎದ್ದವು, ಆಸ್ಪತ್ರೆ ಬೀದಿಯ ನೀರು ಇಳಿಯಿತು.

ಎಂಟು ತಿಂಗಳು ಮುಗಿದು ದಳ ವಾಪಸು ಬಂದ ದಿನ ಶಿಬಿರದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರೆತ್ತುವ ಗಾಡಿಗಳು ಒಂದರ ಹಿಂದೊಂದು ಬಂದವು. ಹೋದ ಇಪ್ಪತ್ತನಾಲ್ಕೂ ತಮ್ಮ ಕಾಲ ಮೇಲೆ ತಾವೇ ಬಂದವು, ಒಂದನ್ನೂ ಎಳೆದು ತರಬೇಕಾಗಲಿಲ್ಲ. ಎರಡನೇ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು, ಕೋಲೂರಿ ನಿಂತಿದ್ದ ಅಜ್ಜಿ ಅಷ್ಟು ದೂರದಿಂದಲೇ ಕೂಗಿದರು: "ಅಗೋ, ಮೂರನೇ ಗಾಡಿ! ಕಿಟಕಿ ಹತ್ರ! ಮೂಗಿನ ಮೇಲೆ ಇವತ್ತೂ ಮಸಿ!"

ಸೊಸೆ ಜಿಗಿದಿಳಿದು ಓಡಿ ಬಂದು ಮಗಳನ್ನು ಎತ್ತಿಕೊಂಡಳು. ಗುಬ್ಬಿಯ ತೂಕ ಎರಡೂವರೆ ಕಿಲೋ ಹೆಚ್ಚಾಗಿತ್ತು, ಹಲ್ಲು ಎರಡು ಕಡಿಮೆಯಾಗಿದ್ದವು. ಮೈದಾನದಲ್ಲಿ ಅಧಿಕಾರಿ ಸೊಸೆಯ ಕೊರಳಿಗೆ ಪದಕ ಹಾಕಿದರು. ಸೊಸೆ ಅದನ್ನು ತೆಗೆದು ಅತ್ತೆಗೆ ಹಾಕಿದಳು. ಅತ್ತೆ ಅದನ್ನು ತೆಗೆದು, "ನಂಗ್ಯಾಕೆ, ಓಡಿದ್ದು ಇವಳು," ಎಂದು ಬೇಕರಿ ಅಕ್ಕನ ಕೊರಳಿಗೆ ಹಾಕಿದರು. ಇಡೀ ಮೈದಾನ ಚಪ್ಪಾಳೆ ತಟ್ಟಿತು.

ಈಗ ಪ್ರತಿ ಶನಿವಾರ ನೆರವು ಕೇಂದ್ರದ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಕತ್ತರಿ ಅಜ್ಜಿ ಕೂರುತ್ತಾರೆ. ಪತ್ರ ತುಂಬಲು ಹಿಂದೆಮುಂದೆ ನೋಡುವ ಅತ್ತೆಯರು, ಮಾವಂದಿರು, ಗಂಡಂದಿರು, ಹೆಂಡತಿಯರು ಎಲ್ಲರೂ ಮೊದಲು ಅವರ ಕೈಗೆ ಸಿಗಬೇಕು. "ಅಪಶಕುನ ಅಂತೀರಾ? ನಾನೂ ಅಂದಿದ್ದೆ. ಕೂತ್ಕೊಳ್ಳಿ ಇಲ್ಲಿ," ಎನ್ನುತ್ತಾರೆ. ಈವರೆಗೆ ನೂರಾ ಹತ್ತು ಮನೆಗಳ ಪತ್ರ ತುಂಬಿಸಿದ್ದಾರೆ. ಸಹಿ ಹಾಕದೆ ಎದ್ದು ಹೋದವರು ಒಬ್ಬರೂ ಇಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ಅಪ್ಪ, ಈಗ ನಿಮ್ಮ ಮನೆಯ ಮಾತು. ನಿಮ್ಮ ಸೈನಿಕರ ಸೇವಾ ಸಂಖ್ಯೆ ನಿಮಗೆ ಗೊತ್ತಿದೆಯೇ? ದಳದ ಹೆಸರು? ಕಷ್ಟ ಬಂದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ನಿಮಗೇ ಆಗದೆ ಹೋದರೆ ಮಗುವನ್ನು, ಹಿರಿಯರನ್ನು ನೋಡಿಕೊಳ್ಳುವ ಎರಡನೇ ಹೆಸರು ಯಾರದ್ದು, ಅವರ ಕೈಯಲ್ಲಿ ಸಹಿ ಮಾಡಿದ ಅಧಿಕಾರ ಪತ್ರ ಇದೆಯೇ? ನಾಮಿನಿ ಹೆಸರನ್ನು ಕೊನೆಯ ಸಲ ನೋಡಿದ್ದು ಯಾವಾಗ? ಹೊರಡುವ ಆದೇಶ ಬರಲಿ ಎಂದು ಕಾಯಬೇಡಿ. ಇಂದೇ ಮನೆಯವರೆಲ್ಲ ಒಟ್ಟಿಗೆ ಕೂತು ಬರೆಯಿರಿ. ಬರೆದದ್ದನ್ನು ಒಂದು ಸಲ ತಾಲೀಮು ಮಾಡಿ ನೋಡಿ. ತಪ್ಪಿದ್ದರೆ ಆಗಲೇ ಗೊತ್ತಾಗಲಿ. ಮನೆಯ ಗುಟ್ಟು, ಕಾಯಿಲೆ, ಭಯ, ಯಾವುದನ್ನೂ ಮುಚ್ಚಿಡಬೇಡಿ. ತಿಳಿಯದಿದ್ದರೆ ಹತ್ತಿರದ ಸೈನಿಕ ಕುಟುಂಬ ನೆರವು ಕೇಂದ್ರಕ್ಕೆ ಹೋಗಿ ಕೇಳಿ, ನಾಚಿಕೆ ಬೇಡ.

ಸೈನಿಕರು ಅಲ್ಲಿ ನೆಮ್ಮದಿಯಿಂದ ಕೆಲಸ ಮಾಡಬೇಕಾದರೆ ಇಲ್ಲಿ ಮನೆ ಸಿದ್ಧವಾಗಿರಬೇಕು. ಅದು ನಿಮ್ಮ ಕೈಯಲ್ಲಿದೆ. ಪೆನ್ನು ತೆಗೆದುಕೊಳ್ಳಿ.